ಕ್ಯಾನ್ಸರ್ ರೋಗಿಗಳ ನೆರವಿನ ನಡಿಗೆ: 600 ರೂಪಾಯಿ ಶುಲ್ಕಕ್ಕೆ ದೊರೆತದ್ದು

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ. ಅದರ ಆಸುಪಾಸಿನ ಭಾನುವಾರಗಳಲ್ಲಿ ರೋಗಿಗಳ ಸಹಾಯಾರ್ಥ ನಡೆಯುವ ಇಂಥದೊಂದು ನಡಿಗೆಗೆ ಈ ವರ್ಷ ನಾನೂ ನನ್ನ ಮಗಳೂ ಹೆಸರು ನೋಂದಾಯಿಸಿದ್ದೆವು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಬಳಿಯಿಂದ ಹೊರಟು, ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಗಳನ್ನು ದಾಟಿ, ಕಬ್ಬನ್ ಪಾರ್ಕನ್ನು ಹೊಕ್ಕು, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯವನ್ನು ಬಳಸಿಕೊಂಡು ಮರಳುವ 5 ಕಿಲೋಮೀಟರ್ ದಾರಿ. ಶುಲ್ಕ ದೊಡ್ಡವರಿಗೆ 600 ರೂಪಾಯಿ, ಮಕ್ಕಳಿಗೆ 300. ಎರಡು ವರ್ಷಗಳ ಹಿಂದೆ ನನ್ನ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಹೆಸರಿನಲ್ಲಿ ನಡೆಯಬೇಕೆಂದೇ ಹೋದೆವು.

ಹಣ ಕಟ್ಟುವ ಮೊದಲು ಸಂಘಟಕರಿಗೆ ಫೋನ್ ಮಾಡಿ, ಸಂಗ್ರಹವಾದ ಮೊತ್ತ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಕೇಳಿದ್ದೆ. ಹೊರಜಿಲ್ಲೆಗಳಿಂದ ಚಿಕಿತ್ಸೆಗೆ ಬರುವವರ ಬಸ್ ಖರ್ಚು, ವಸತಿ ಮತ್ತು ಊಟಕ್ಕೆ ಎಂಬ ಸ್ಪಷ್ಟ ಉತ್ತರ ಬಂದಿತು. ಇದು ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಇಂದಿಗೂ ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬರುವ ಕುಟುಂಬಗಳಿವೆ. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆಯ ವೆಚ್ಚಕ್ಕೆ ನೆರವು ಸಿಕ್ಕರೂ, ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವ ವಿಕಿರಣ ಚಿಕಿತ್ಸೆಯ ಅವಧಿಯಲ್ಲಿ ರೋಗಿಯೂ ಜೊತೆಗಿರುವವರೂ ಈ ದುಬಾರಿ ಊರಿನಲ್ಲಿ ಎಲ್ಲಿ ಉಳಿಯಬೇಕು, ದಿನಗೂಲಿ ಬಿಟ್ಟು ಬಂದವರು ಏನು ತಿನ್ನಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಮರಳುವವರಲ್ಲಿ ಎಷ್ಟೋ ಮಂದಿ ಈ ಖರ್ಚಿಗೆ ಹೆದರಿದವರೇ.

ನಡಿಗೆಯ ದಿನ ಬೆಳಿಗ್ಗೆ ಎಲ್ಲರಿಗೂ ಹತ್ತಿಯ ಟೀ ಶರ್ಟಿನ ಜೊತೆ ಅಂಗೈಯಗಲದ ಬಿಳಿ ಬಟ್ಟೆಯ ತುಂಡನ್ನೂ ನಾಲ್ಕು ಪಿನ್ನುಗಳನ್ನೂ ಕೊಟ್ಟರು. ಯಾರ ನೆನಪಿನಲ್ಲಿ ನಡೆಯುತ್ತೀರೋ ಅವರ ಹೆಸರನ್ನು ಬರೆದು ಬೆನ್ನಿಗೆ ಸಿಕ್ಕಿಸಿಕೊಳ್ಳಬೇಕು. ಮೇಜಿನ ಎದುರು ನಮ್ಮ ಮುಂದೆ ನಿಂತಿದ್ದ, ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ ಮಾರ್ಕರ್ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಮಗಳ ಕಡೆಗೆ ತಿರುಗಿ, "ನಾನು ಅವರ ಹೆಸರು ಹೇಳಿದವಳಲ್ಲ ಮಗಳೇ, ಬರೆಯಲಿಕ್ಕೂ ಕೈ ಬರುತ್ತಿಲ್ಲ. 'ಯಜಮಾನರು' ಅಂತ ಬರೆದುಕೊಡು" ಎಂದರು. ಅವಳು ದುಂಡಗಿನ ಅಕ್ಷರಗಳಲ್ಲಿ ಬರೆದುಕೊಟ್ಟಳು. ನಾನು 'ಅಕ್ಕ' ಎಂದಷ್ಟೇ ಬರೆದೆ. ನಡೆಯುವಾಗ ಮುಂದಿದ್ದವರ ಬೆನ್ನುಗಳನ್ನೇ ಓದುತ್ತ ಹೋದೆವು: ಅಜ್ಜಿ, ಅಪ್ಪಾಜಿ, ಒಂದು ಮಗುವಿನ ಅಡ್ಡಹೆಸರು, ಒಂದು ಕಡೆ ಬರಿಯ 'ನಾನು'. ಆ ಕೊನೆಯ ಹೆಣ್ಣುಮಗಳ ತಲೆಯಲ್ಲಿ ಕೂದಲು ಆಗಷ್ಟೇ ಮತ್ತೆ ಚಿಗುರುತ್ತಿತ್ತು. ನಮ್ಮ ಮನೆಯಲ್ಲಿ ಅಮ್ಮ ಇಂದಿಗೂ ಕ್ಯಾನ್ಸರ್ ಎಂಬ ಪದವನ್ನು ನುಡಿಯುವುದಿಲ್ಲ, 'ಆ ಕಾಯಿಲೆ' ಎನ್ನುತ್ತಾರೆ. ಹಾಗೆ ಬಾಯಿ ಕಟ್ಟಿಕೊಂಡು ಬದುಕಿದ ನಮಗೆ ಅಷ್ಟು ಹೆಸರುಗಳ ನಡುವೆ ನಡೆದದ್ದು ದೊಡ್ಡ ಬಿಡುಗಡೆಯಾಗಿತ್ತು.

ಈ ನಡಿಗೆಯಲ್ಲಿ ನಾನು ಅತ್ಯುತ್ತಮವೆಂದು ಹೇಳುವುದು ಕ್ರೀಡಾಂಗಣದ ಬಳಿಯ ತಪಾಸಣಾ ಶಿಬಿರವನ್ನು. ಬಟ್ಟೆಯ ಪರದೆ ಕಟ್ಟಿದ ಒಂದು ಮೂಲೆಯಲ್ಲಿ ಮಹಿಳಾ ವೈದ್ಯರೊಬ್ಬರು ಸಿಲಿಕೋನಿನ ಸ್ತನದ ಮಾದರಿಯನ್ನು ಇಟ್ಟುಕೊಂಡು, ಮೂರು ಬೆರಳುಗಳ ಒಳಮೈಯನ್ನು ಚಪ್ಪಟೆಯಾಗಿ ಒತ್ತಿ ವೃತ್ತಾಕಾರವಾಗಿ ಚಲಿಸುವ ಬಗೆಯನ್ನು ಒಬ್ಬೊಬ್ಬರಿಗೂ ಕೈಹಿಡಿದು ಕಲಿಸುತ್ತಿದ್ದರು. ಕಂಕುಳವನ್ನೂ ಪರೀಕ್ಷಿಸಬೇಕು, ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ, ಆದರೆ ನೋವಿಲ್ಲವೆಂದು ಯಾವ ಗಡ್ಡೆಯನ್ನೂ ಅಲಕ್ಷಿಸಬಾರದು ಎಂದು ತಾಳ್ಮೆಯಿಂದ, ಒಳ್ಳೆಯ ಕನ್ನಡದಲ್ಲಿ ಹೇಳಿದರು. ಮಾದರಿಯ ಒಳಗೆ ನನ್ನ ಬೆರಳಿಗೆ ಹುಣಸೆ ಬೀಜದಷ್ಟು ಗಟ್ಟಿಯಾದುದೊಂದು ತಗುಲಿತು. ಅಕ್ಕ ಅಂಥದನ್ನೇ ಎಂಟು ತಿಂಗಳು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ಮಗಳ ಮದುವೆ ಮುಗಿಯಲಿ ಎಂದು ಕಾದಿದ್ದಳು. ನನಗೆ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು; ವೈದ್ಯರು ಅವಸರಪಡಿಸಲಿಲ್ಲ. ಪಕ್ಕದ ಮೇಜಿನಲ್ಲಿ ಗುಟ್ಕಾ, ತಂಬಾಕು ಜಗಿಯುವವರ ಬಾಯಿ ಪರೀಕ್ಷೆ ನಡೆಯುತ್ತಿತ್ತು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಕೊಡುವ ಎಚ್‌ಪಿವಿ ಲಸಿಕೆಯ ವಿವರವನ್ನು ಮಗಳಿಗಾಗಿ ಬರೆದುಕೊಂಡು ಬಂದೆ.

ಕುಂದುಗಳನ್ನೂ ಹೇಳಬೇಕು. 6.30ಕ್ಕೆ ಹೊರಡಬೇಕಿದ್ದ ನಡಿಗೆ ವೇದಿಕೆಯ ಭಾಷಣಗಳಿಂದಾಗಿ ಮುಕ್ಕಾಲು ಗಂಟೆ ತಡವಾಯಿತು, ಆ ಭಾಷಣಗಳು ಬಹುಪಾಲು ಇಂಗ್ಲಿಷಿನಲ್ಲಿದ್ದವು. ಅತಿಥಿಗಳಿಗೆ ಸೋಫಾಗಳಿದ್ದವು, ಚಿಕಿತ್ಸೆಯಲ್ಲಿರುವವರಿಗೆ ಒಂದು ಸಾಲು ಪ್ಲಾಸ್ಟಿಕ್ ಕುರ್ಚಿಯೂ ಇರಲಿಲ್ಲ. ಬೆನ್ನಿನ ಮೇಲೆ 'ನಾನು' ಎಂದು ಬರೆದುಕೊಂಡಿದ್ದ ಆ ಹೆಣ್ಣುಮಗಳು ಪಾದಚಾರಿ ಮಾರ್ಗದ ಅಂಚಿನಲ್ಲಿ ಕುಳಿತಿದ್ದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬಂದಿತು. ಅರ್ಧ ದಾರಿಗೆ ಹಿಂತಿರುಗಬಹುದಾದ ಕಿರುಮಾರ್ಗವನ್ನೂ ಗುರುತಿಸಿರಲಿಲ್ಲ. ಸ್ವಯಂಸೇವಕರು ಎಳೆಯರು, ವಿನಯವಂತರು. ಕೊರತೆ ಇದ್ದದ್ದು ಯೋಜನೆಯಲ್ಲಿ.

ಶುಲ್ಕವಲ್ಲದೆ ಅಕ್ಕನ ಹೆಸರಿನಲ್ಲಿ ಪ್ರತ್ಯೇಕ ದೇಣಿಗೆಯನ್ನೂ ಕೊಟ್ಟೆವು. ಅದರ ರಸೀದಿ ಮೂರು ವಾರಗಳ ನಂತರ, ಎರಡು ಸಲ ಜ್ಞಾಪಿಸಿದ ಮೇಲೆ ಬಂದಿತು. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬಯಸುವವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಈ ವಿನಾಯಿತಿ ಅನ್ವಯಿಸುತ್ತದೆ. ತಿಂಡಿ ಚೆನ್ನಾಗಿತ್ತು: ಅಡಿಕೆ ಹಾಳೆಯ ತಟ್ಟೆಯಲ್ಲಿ ಬಿಸಿ ಇಡ್ಲಿ, ಖಾರಾಬಾತ್, ಕೇಸರಿಬಾತ್.

ಭಾನುವಾರ ಮೆಟ್ರೊ ತಡವಾಗಿ ಆರಂಭವಾಗುವುದರಿಂದ ದೂರದವರು ಆಟೊ ಅಥವಾ ಬಿಎಂಟಿಸಿ ಬಸ್ಸನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ಅಂದು ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ವಾಹನ ಸಂಚಾರ ಇಲ್ಲದ ಕಾರಣ ಮಕ್ಕಳನ್ನೂ ವಯಸ್ಸಾದವರನ್ನೂ ನಿರಾತಂಕವಾಗಿ ಕರೆತರಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಆ ಒಂದು ಅಂಕ ಪೂರ್ತಿಯಾಗಿ ಕುರ್ಚಿಗಳದ್ದು. ಸಂಘಟಕರಿಗೆ ಈ ವಿಷಯವಾಗಿ ಪತ್ರ ಬರೆದಿದ್ದೇನೆ. ಮುಂದಿನ ವರ್ಷ ಬರುತ್ತೇನೆಂದು ಅಮ್ಮ ಹೇಳಿದ್ದಾರೆ. ಅಷ್ಟು ದೂರ ನಡೆಯಲು ಅವರಿಗೆ ಆಗದು. ಗ್ರಂಥಾಲಯದ ಎದುರಿನ ಮರದಡಿ ಅವರು ಕುಳಿತಿರಲೆಂದು ಮಡಚುವ ಕುರ್ಚಿಯೊಂದನ್ನು ನಾವೇ ಒಯ್ಯುತ್ತೇವೆ.