ಶಿಫ್ಟ್ ರಿಜಿಸ್ಟರ್, ಸಿಸ್ಟಾಲಿಕ್ ಅರೇ, ಹೀಪ್: ಪ್ಯಾಕೆಟ್ ಸಾಲಿಗೆ ಯಾವುದು?

100 ಗಿಗಾಬಿಟ್ ಈಥರ್‌ನೆಟ್‌ನಲ್ಲಿ 64 ಬೈಟ್ ಪ್ಯಾಕೆಟ್‌ಗಳು ಬಿಡುವಿಲ್ಲದೆ ಬಂದರೆ ಒಂದೊಂದಕ್ಕೆ ಸಿಗುವ ಸಮಯ 6.72 ನ್ಯಾನೊಸೆಕೆಂಡ್. ಅಷ್ಟರಲ್ಲಿ ಒಂದನ್ನು ಆದ್ಯತೆ ನೋಡಿ ಸಾಲಿಗೆ ಸೇರಿಸಬೇಕು, ಇನ್ನೊಂದನ್ನು ಹೊರಗೆ ಕಳಿಸಬೇಕು. ಇದಕ್ಕಿರುವ ಮೂರು ಹಾರ್ಡ್‌ವೇರ್ ದಾರಿಗಳನ್ನೂ ವೆರಿಲಾಗ್ ಎಂಬ ಹಾರ್ಡ್‌ವೇರ್ ಭಾಷೆಯಲ್ಲಿ ಬರೆದು ಒಂದೇ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ತುಂಬಿಸಬಹುದಾದ ಚಿಪ್) ಮೇಲೆ ಓಡಿಸಿ ನೋಡಿದೆ. ಸಾಲಿನಲ್ಲಿ ನಿಲ್ಲುವುದು ಇಡೀ ಪ್ಯಾಕೆಟ್ ಅಲ್ಲ. 16 ಬಿಟ್ ಆದ್ಯತೆ, ಪ್ಯಾಕೆಟ್ ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ 16 ಬಿಟ್ ಪಾಯಿಂಟರ್, ಅಷ್ಟೇ.

ಶಿಫ್ಟ್ ರಿಜಿಸ್ಟರ್ ನನಗೆ ಬಹಳ ಇಷ್ಟ. ಹೊಸ ಆದ್ಯತೆ ಸಾಲಾಗಿ ನಿಂತ ಎಲ್ಲ ಕೋಶಗಳಿಗೂ ಒಟ್ಟಿಗೇ ಹೋಗುತ್ತದೆ, ಪ್ರತಿ ಕೋಶವೂ ತನ್ನಲ್ಲಿರುವುದರ ಜೊತೆ ಹೋಲಿಸಿ ಅಲ್ಲೇ ಇರಬೇಕೋ ಹಿಂದೆ ಸರಿಯಬೇಕೋ ಅಂತ ತಾನೇ ತೀರ್ಮಾನಿಸುತ್ತದೆ, ಒಂದೇ ಕ್ಲಾಕ್‌ನಲ್ಲಿ (ಚಿಪ್‌ನ ಒಂದು ಮಿಡಿತದಲ್ಲಿ) ಕೆಲಸ ಮುಗಿಯುತ್ತದೆ. ಸಾಲು ಉದ್ದವಾದರೆ ಮಾತ್ರ ಕಷ್ಟ. ಅದೇ ಸಿಗ್ನಲ್ ಎಲ್ಲ ಕೋಶಗಳನ್ನೂ ಮುಟ್ಟಬೇಕಲ್ಲ, ಒಂದು ಕ್ಲಾಕ್‌ನೊಳಗೆ ತಲುಪದೆ ಟೈಮಿಂಗ್ ಕೈಕೊಡುತ್ತದೆ. 1024 ಜಾಗಕ್ಕೆ 1024 ಕಂಪ್ಯಾರೇಟರ್ (ಹೋಲಿಸುವ ಸರ್ಕ್ಯೂಟ್), 32,768 ಫ್ಲಿಪ್‌ಫ್ಲಾಪ್ (ಒಂದೊಂದು ಬಿಟ್ ಹಿಡಿಯುವ ಘಟಕ) ಬೇಕು.

ಸಿಸ್ಟಾಲಿಕ್ ಅರೇಯಲ್ಲಿ ಪಕ್ಕದ ಕೋಶದ ಜೊತೆ ಮಾತ್ರ ಮಾತು. ಸಾಲು ಎಷ್ಟು ಬೆಳೆದರೂ ಕ್ಲಾಕ್ ವೇಗ ಬೀಳುವುದಿಲ್ಲ. ಆದರೆ ಪ್ರತಿ ಕೋಶಕ್ಕೂ ಇನ್ನೊಂದು ತಾತ್ಕಾಲಿಕ ರಿಜಿಸ್ಟರ್ ಬೇಕಾಗಿ ಖರ್ಚು ಸುಮಾರು ಎರಡರಷ್ಟಾಗುತ್ತದೆ. ನಾನಂತೂ ಮತ್ತೆ ಬಳಸಲಾರೆ.

ಪೈಪ್‌ಲೈನ್ ಹೀಪ್‌ನ ಲೆಕ್ಕವೇ ಬೇರೆ. ಹೀಪ್ ಅಂದರೆ ಮೊದಲು ಹೋಗಬೇಕಾದದ್ದು ತುದಿಯಲ್ಲಿರುವ ಮರದಂಥ ಜೋಡಣೆ. ಮರದ ಒಂದೊಂದು ಹಂತಕ್ಕೂ ಅದರದೇ ಮೆಮೊರಿ, ಅದರದೇ ಕಂಪ್ಯಾರೇಟರ್. 1023 ನಮೂದುಗಳಿಗೆ 10 ಹಂತ ಸಾಕು. ಡೇಟಾ ಚಿಪ್‌ನೊಳಗಿನ ಮೆಮೊರಿಯಾದ ಬ್ಲಾಕ್ ರ‍್ಯಾಮ್‌ನಲ್ಲಿ ಕೂರುವುದರಿಂದ ಫ್ಲಿಪ್‌ಫ್ಲಾಪ್ ಉಳಿಯುತ್ತವೆ. ಆದರೆ ಜನ ಇದರ ಬಗ್ಗೆ ಹೇಳುವಾಗ ಒಂದು ವಿಷಯ ಬಿಟ್ಟುಬಿಡುತ್ತಾರೆ: ಆದ್ಯತೆ ಸಮನಾದಾಗ ಯಾರು ಮೊದಲು? ಶಿಫ್ಟ್ ರಿಜಿಸ್ಟರ್‌ನಲ್ಲಿ ಹೊಸದನ್ನು ಸಮನಾದವುಗಳ ಹಿಂದೆ ನಿಲ್ಲಿಸಿದರೆ ಬಂದ ಕ್ರಮ ತಾನಾಗಿಯೇ ಉಳಿಯುತ್ತದೆ. ಹೀಪ್‌ನಲ್ಲಿ ಉಳಿಯುವುದಿಲ್ಲ. ಒಂದೇ ಟಿಸಿಪಿ (ಡೇಟಾವನ್ನು ಕ್ರಮವಾಗಿ ತಲುಪಿಸುವ ಇಂಟರ್‌ನೆಟ್ ನಿಯಮ) ಸಂಪರ್ಕದ ಪ್ಯಾಕೆಟ್‌ಗಳು ಹಿಂದೆಮುಂದೆ ಆದರೆ ಅತ್ತಲಿಂದ ಅದೇ ಎಸಿಕೆ (ಇಲ್ಲಿಯವರೆಗೆ ತಲುಪಿತು ಎಂಬ ಉತ್ತರ) ಮತ್ತೆ ಮತ್ತೆ ಬರತೊಡಗುತ್ತದೆ, ಅಂಥ ಪುನರಾವರ್ತನೆ ಮೂರಾದರೆ ಕಳುಹಿಸಿದವನು ಪ್ಯಾಕೆಟ್ ಕಳೆದುಹೋಯಿತೆಂದು ಮತ್ತೆ ಕಳಿಸಿ ವೇಗವನ್ನೂ ತಗ್ಗಿಸುತ್ತಾನೆ. ಲಿಂಕ್ ಚೆನ್ನಾಗಿಯೇ ಇರುತ್ತದೆ, ಬಳಕೆದಾರನಿಗೆ ಮಾತ್ರ ನಿಧಾನ! ಆದ್ಯತೆಯ ಪಕ್ಕ ಒಂದು ಕ್ರಮಸಂಖ್ಯೆ ಅಂಟಿಸಿ ಇದನ್ನು ಸರಿಮಾಡಬಹುದು. ಆದರೆ ಆ ಸಂಖ್ಯೆ ತುಂಬಿ ಸೊನ್ನೆಗೆ ಮರಳುವ ಕ್ಷಣಕ್ಕೂ ಹೋಲಿಕೆ ಸರಿಯಾಗಿರಬೇಕು, ಹೋಲಿಸುವ ಸಂಖ್ಯೆ (ಕೀ) ಅಗಲವಾಗುತ್ತದೆ, ಮೆಮೊರಿಯೂ ಜಾಸ್ತಿ ಬೇಕು.

10 ಗಿಗಾಬಿಟ್‌ಗೆ ನನ್ನ ಆಯ್ಕೆ ಕ್ರಮಸಂಖ್ಯೆಯಿರುವ ಹೀಪ್. 156.25 ಮೆಗಾಹರ್ಟ್ಸ್‌ನಲ್ಲಿ ಪ್ಯಾಕೆಟ್‌ಗೆ ಸುಮಾರು 10 ಕ್ಲಾಕ್ ಸಿಗುತ್ತವೆ, ಧಾರಾಳ ಆಯಿತು. ಈಥರ್‌ನೆಟ್ ಟ್ಯಾಗ್‌ನ 8 ಆದ್ಯತೆಗಳಷ್ಟೇ ಸಾಕು ಅನ್ನುವವರಿಗೆ ಇದ್ಯಾವುದೂ ಬೇಡ, 8 ಸಾದಾ ಫಿಫೋ (ಮೊದಲು ಬಂದದ್ದು ಮೊದಲು ಹೋಗುವ ಸಾಲು) ಮತ್ತು ಯಾವ ಸಾಲಿನ ಸರದಿ ಎಂದು ಆರಿಸುವ ಒಂದು ಪ್ರಯಾರಿಟಿ ಎನ್‌ಕೋಡರ್ ಹಾಕಿಕೊಳ್ಳಿ.

100 ಗಿಗಾಬಿಟ್‌ನಲ್ಲಿ, 322 ಮೆಗಾಹರ್ಟ್ಸ್ ಕ್ಲಾಕ್ ಇದ್ದರೂ, ಪ್ಯಾಕೆಟ್‌ಗೆ ಸಿಗುವುದು ಎರಡೇ ಕ್ಲಾಕ್. ರ‍್ಯಾಮ್ ಓದಿ, ಹೋಲಿಸಿ, ಬರೆಯುವ ನನ್ನ ಹೀಪ್ ಅಲ್ಲಿ ಹಿಂದೆ ಬೀಳುತ್ತದೆ. ಪ್ಯಾಕೆಟ್‌ಗಳನ್ನು ಆದ್ಯತೆಯಂತೆ ಸಾಲಿಗೆ ಸೇರಿಸುವ 2016ರ ಪೈಫೋ ಎಂಬ ವಿನ್ಯಾಸದ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: ಪ್ರತಿ ಫ್ಲೋಗೆ (ಒಂದೇ ಸಂಪರ್ಕದ ಪ್ಯಾಕೆಟ್‌ಗಳ ಗುಂಪಿಗೆ) ಒಂದು ಫಿಫೋ ಇಟ್ಟು, ಅದರ ಮೊದಲ ಪ್ಯಾಕೆಟನ್ನು ಮಾತ್ರ ವಿಂಗಡಣೆಗೆ ಕಳಿಸುವುದು. ಫ್ಲೋ ಒಳಗಿನ ಕ್ರಮ ಕೆಡುವುದಿಲ್ಲ, ವಿಂಗಡಿಸಬೇಕಾದ ಸಾಲೂ ಚಿಕ್ಕದಾಗುತ್ತದೆ. ಅಷ್ಟು ಚಿಕ್ಕ ಸಾಲಿಗೆ ನಾನು ಶಿಫ್ಟ್ ರಿಜಿಸ್ಟರನ್ನೇ ಹಾಕುತ್ತೇನೆ.