ಬೋರಾನ್ ರೆಸಿನ್: ಒಂದು ವರ್ಷ ಬಳಸಿದ ಮೇಲೆ

ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ಲಾಂಟ್ ನೋಡಿಕೊಳ್ಳುವುದು ನನ್ನ ಕೆಲಸ. ಉಪ್ಪನ್ನು ಆರ್‌ಒ ಮೆಂಬ್ರೇನ್ ತಡೆಯುತ್ತದೆ, ಅದರ ಚಿಂತೆ ಇಲ್ಲ. ಕಾಟ ಕೊಡುವುದು ಬೋರಾನ್. ಸಮುದ್ರದ ನೀರಲ್ಲಿ ಲೀಟರಿಗೆ 4.5 ಮಿಲಿಗ್ರಾಂ ಆಸುಪಾಸು ಇರುತ್ತದೆ. ಚಾರ್ಜ್ ಇಲ್ಲದ ಪುಟ್ಟ ಬೋರಿಕ್ ಆಸಿಡ್ ಆಗಿ ಮೆಂಬ್ರೇನಿನಲ್ಲಿ ನುಸುಳಿಬಿಡುತ್ತದೆ. ನಮ್ಮಲ್ಲಿ ಆರ್‌ಒ ಆದ ಮೇಲೂ 1.2 ಉಳಿಯುತ್ತಿತ್ತು. ಕುಡಿಯೋಕೆ ಪರವಾಗಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2.4. ಆದರೆ ನಮ್ಮ ನೀರು ಹೋಗುವುದು ನಿಂಬೆ ಗಿಡಗಳಿಗೆ. ಅವು 0.5ಕ್ಕೇ ಮುನಿಸಿಕೊಳ್ಳುತ್ತವೆ, ಎಲೆಯ ತುದಿ ಹಳದಿಯಾಗಿ ಸುಟ್ಟಂತಾಗುತ್ತದೆ.

ಅದಕ್ಕೇ ಬೋರಾನ್ ಹಿಡಿಯುವ ರೆಸಿನ್ ಹಾಕಿಸಿದೆವು. ಬೋರಾನನ್ನು ಹಿಡಿದುಕೊಳ್ಳುವ ಮೀಥೈಲ್ ಗ್ಲುಕಮೈನ್ ಅನ್ನೋ ರಾಸಾಯನಿಕ ಕೂರಿಸಿದ ಸಣ್ಣ ಮಣಿಗಳು. ಮಾಮೂಲಿ ರೆಸಿನ್ ಆದರೆ ಕ್ಲೋರೈಡ್, ಸಲ್ಫೇಟ್, ಸಿಕ್ಕಿದ್ದಕ್ಕೆಲ್ಲ ಕೈ ಹಾಕುತ್ತದೆ. ಇದಕ್ಕೆ ಬೋರಾನ್ ಮೇಲೇ ಕಣ್ಣು. ಈ ಮಣಿ ತುಂಬಿದ ಕೊಳವೆ (ಕಾಲಮ್) ದಾಟಿದ ನೀರಲ್ಲಿ 0.1 ಕೂಡ ಇರುವುದಿಲ್ಲ. ಹಾಗಾಗಿ ಮುಕ್ಕಾಲು ಪಾಲು ನೀರು ಹಾಯಿಸಿ, ಉಳಿದದ್ದನ್ನು ಹಾಗೇ ಬೆರೆಸಿದರೂ 0.4 ದಾಟುವುದಿಲ್ಲ.

ಇನ್ನು ನನ್ನ ಎಡವಟ್ಟು. ರೆಸಿನ್‌ನಲ್ಲಿ ಬೋರಾನ್ ತುಂಬಿಹೋದ ಮೇಲೆ ಮೊದಲು ಆಸಿಡ್ ಬಿಟ್ಟು ಬೋರಾನ್ ಇಳಿಸಬೇಕು, ಆಮೇಲೆ ಕಾಸ್ಟಿಕ್ ಸೋಡಾ ಬಿಡಬೇಕು. ಮೂರನೇ ಸಲ ಮನೆಗೆ ಹೋಗುವ ಅವಸರದಲ್ಲಿ ಕಾಸ್ಟಿಕ್ ಅರ್ಧಕ್ಕೇ ನಿಲ್ಲಿಸಿದೆ. ಬೋರಾನ್ ಹೋಯ್ತಲ್ಲ, ಇನ್ನೇನು ಅಂತ! ಬೆಳಿಗ್ಗೆ ನೋಡಿದರೆ ಹೊರಬರುವ ನೀರಿನ ಪಿಹೆಚ್ 4. ಎರಡೇ ದಿನಕ್ಕೆ ಬೋರಾನೂ ಸೋರತೊಡಗಿತು. ಮಣಿಗಳಲ್ಲಿ ಆಸಿಡ್ ಕೂತೇ ಇತ್ತು, ಕಾಸ್ಟಿಕ್ ಅದನ್ನು ಬಿಡಿಸಿದರೆ ತಾನೇ ಬೋರಾನ್‌ಗೆ ಜಾಗ? ಪೂರ್ತಿ ಕಾಸ್ಟಿಕ್ ಕೊಟ್ಟು ತೊಳೆದ ಮೇಲೆ ಸರಿಹೋಯಿತು. ಮಾರಿದವರ ಕೈಪಿಡಿಯಲ್ಲಿ ಈ ಹಂತಕ್ಕೆ ಒಂದೇ ಸಾಲು. ಅದಕ್ಕೆ ಒಂದು ಸ್ಟಾರ್ ಕಟ್.

ಅಂದ ಹಾಗೆ, ಸ್ಯಾಂಪಲ್ಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಹಿಡಿಯಿರಿ. ಲ್ಯಾಬಿನ ಗಾಜಿನಲ್ಲೇ ಬೋರಾನ್ ಇರುತ್ತದೆ, ಸುಮ್ನೆ ರೆಸಿನ್ನನ್ನು ಬೈಯುತ್ತೀರಿ.

ಇನ್ನೊಂದು ತಕರಾರು, ತೊಳೆದ ನೀರಿನದು. ಅದರಲ್ಲಿ ಆಸಿಡ್ಡೂ ಉಂಟು, ಇಳಿಸಿದ ಬೋರಾನೂ ಉಂಟು. ಅದನ್ನು ಬಿಡಲು ಜಾಗ ಇಲ್ಲದವರು ರೆಸಿನ್ ಬದಲು, ಮೊದಲ ಆರ್‌ಒ ದಾಟಿದ ನೀರಿನ ಪಿಹೆಚ್ 10ಕ್ಕೆ ಏರಿಸಿ ಎರಡನೇ ಸುತ್ತು ಆರ್‌ಒ ಮಾಡುವುದೇ ವಾಸಿ. ಕರೆಂಟ್ ಜಾಸ್ತಿ ಹೋಗುತ್ತದೆ ಅಷ್ಟೇ.

ನಾನಂತೂ ಇದನ್ನೇ ಮತ್ತೆ ತರಿಸುತ್ತೇನೆ. ನಿಂಬೆಯ ಸುಟ್ಟ ಎಲೆಗಳು ಸುಟ್ಟಂತೆಯೇ ಇವೆ, ಹೊಸ ಚಿಗುರಿನ ತುದಿ ಹಸಿರಾಗಿದೆ.