ಗಟ್ಟಿ ಸಿಗಾರ್ ಜೊತೆ ಯಾವ ಕೆಂಪು ವೈನ್? ನನ್ನ ಓಟು ಟಾನಿ ಪೋರ್ಟ್‌ಗೆ

ಮೊದಲೇ ಹೇಳಿಬಿಡುತ್ತೇನೆ, ಈ ಹೋಲಿಕೆಯಲ್ಲಿ ನನ್ನ ಕಡೆ ಯಾವುದು ಅಂತ. ಫುಲ್ ಬಾಡಿ, ಅಂದರೆ ಗಟ್ಟಿ ರುಚಿಯ ಸಿಗಾರ್ ಜೊತೆ ನನಗೆ ಸರಿಹೊಂದಿದ್ದು ಟಾನಿ ಪೋರ್ಟ್, ಅಂದರೆ ಸ್ಪಿರಿಟ್ ಸೇರಿಸಿ ಮರದ ಪೀಪಾಯಿಯಲ್ಲಿ ಮಾಗಿಸಿದ ಪೋರ್ಚುಗಲ್‌ನ ಸಿಹಿ ವೈನ್. ಕ್ಯಾಬರ್ನೆ ಸೊವಿನ್ಯೋನ್, ಮಾಲ್ಬೆಕ್, ಅಮರೋನೆ ಅನ್ನುವ ಮೂರು ಕೆಂಪು ವೈನ್‌ಗಳನ್ನೂ ಅದರ ಎದುರು ಇಟ್ಟು ನೋಡಿದೆ. ಪೋರ್ಟನ್ನು ರೆಡ್ ವೈನ್ ಸಾಲಿಗೆ ಸೇರಿಸಬಾರದು ಅನ್ನುವವರೂ ಇದ್ದಾರೆ, ಇರಲಿ ಬಿಡಿ.

ಸಿಗಾರ್ ಮಾತ್ರ ಬದಲಾಯಿಸಲಿಲ್ಲ. ನಿಕರಾಗುವಾದ ರೊಬುಸ್ಟೊ (ಗಿಡ್ಡ, ದಪ್ಪ ಸಿಗಾರ್), ಮೇಲೆ ಮಡೂರೊ ಅನ್ನುವ ಕಪ್ಪು ಎಲೆಯ ಹೊದಿಕೆ, ಒಳಗೆ ಲಿಹೇರೊ ಜಾಸ್ತಿ. ಲಿಹೇರೊ ಅಂದರೆ ಗಿಡದ ತುದಿಯ ಎಲೆ. ಬಿಸಿಲು ಹೆಚ್ಚು ಕಂಡಿರುತ್ತದೆ, ನಿಕೋಟಿನ್ ಕೂಡ ಹೆಚ್ಚು.

"ಗಟ್ಟಿ ಸಿಗಾರ್‌ಗೆ ಗಟ್ಟಿ ವೈನ್" ಅಂತ ಎಲ್ಲರೂ ಹೇಳುತ್ತಾರೆ, ಆ ಲೆಕ್ಕದಲ್ಲಿ ಕ್ಯಾಬರ್ನೆ ಗೆಲ್ಲಬೇಕಿತ್ತು. ಮೊದಲ ಗುಟುಕು ಚೆನ್ನಾಗಿಯೇ ಇತ್ತು. ಸಿಗಾರ್ ಅರ್ಧಕ್ಕೆ ಬಂದು ಹೊಗೆ ಬಿಸಿಯಾದ ಮೇಲೆ ಶುರುವಾಯಿತು ನೋಡಿ ತೊಂದರೆ. ಈ ದ್ರಾಕ್ಷಿಯ ಸಿಪ್ಪೆ ದಪ್ಪ, ಹಾಗಾಗಿ ಟ್ಯಾನಿನ್ (ಒಗರು ಕೊಡುವ ಅಂಶ) ಕೂಡ ಜಾಸ್ತಿ. ಆ ಒಗರು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಪಸೆಯನ್ನೇ ತೆಗೆದುಬಿಡುತ್ತದೆ. ಹೊಗೆ ಬೇರೆ ಒಣಗಿಸುತ್ತಿರುತ್ತದೆ. ಬಾಯಿ ಒಣಗಿತು ಅಂತ ಇನ್ನೊಂದು ಗುಟುಕು ಹಾಕಿದರೆ ಮತ್ತಷ್ಟು ಒಣಗುತ್ತದೆ, ನಾಲಿಗೆ ಮೇಲೆ ಬೂದಿಯ ಕಹಿ ಮಾತ್ರ ಉಳಿಯುತ್ತದೆ.

ಮಾಂಸದ ಊಟದ ಜೊತೆ ಇದೇ ವೈನ್ ಸೊಗಸಾಗಿರುವುದಕ್ಕೆ ಕಾರಣ ಇದೆ. ಅಲ್ಲಿ ಟ್ಯಾನಿನ್‌ಗೆ ಅಂಟಿಕೊಳ್ಳಲು ಪ್ರೋಟೀನ್, ಕೊಬ್ಬು ಸಿಗುತ್ತದೆ. ಹೊಗೆಯಲ್ಲಿ ಏನಿದೆ, ಅಂಟಿಕೊಳ್ಳೋಕೆ? ಗಾಳಿಯಾಡಲಿ ಅಂತ ಡಿಕ್ಯಾಂಟರ್‌ಗೆ (ಗಾಜಿನ ಹೂಜಿ) ಸುರಿದು ಕಾದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಳೆಯ ಬಾಟಲಿ ತೆಗೆದರೆ ಒಗರೇನೋ ತಗ್ಗಿರುತ್ತದೆ, ಆದರೆ ವರ್ಷಗಟ್ಟಲೆ ಕಾದಿದ್ದರಿಂದ ಬಂದ ನವಿರಾದ ಪರಿಮಳ ಈ ಹೊಗೆಯ ಮುಂದೆ ಮೂಗಿಗೆ ಬೀಳುವುದೇ ಇಲ್ಲ. ಅಷ್ಟು ದುಡ್ಡು ಕೊಟ್ಟು ವಾಸನೆಯೇ ಸಿಗದಿದ್ದರೆ ಏನು ಲಾಭ? ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ ಅನ್ನುತ್ತಾರೆ. ಇಟ್ಟುಕೊಂಡೆ. ಕೊನೆಗೆ ನೀರನ್ನೇ ಜಾಸ್ತಿ ಕುಡಿದೆ.

ಮಾಲ್ಬೆಕ್ ಪರವಾಗಿಲ್ಲ. ಒಗರು ಮೆತ್ತಗೆ, ಹಣ್ಣಿನ ರುಚಿ ಧಾರಾಳ. ಆದರೆ ಸಿಗಾರ್‌ನ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ವೈನ್ ಎಲ್ಲಿದೆ ಅಂತ ಹುಡುಕಬೇಕು.

ಟಾನಿಗೆ ನಿಜವಾದ ಪೈಪೋಟಿ ಕೊಟ್ಟಿದ್ದು ಅಮರೋನೆ. ಇಟಲಿಯ ವಾಲ್ಪೊಲಿಚೆಲ್ಲಾದಲ್ಲಿ ದ್ರಾಕ್ಷಿಯನ್ನು ಕೊಯ್ದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಮಾಡುತ್ತಾರೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 15ರ ಮೇಲೆಯೇ. ಒಣದ್ರಾಕ್ಷಿ, ಚಾಕೊಲೇಟ್ ಥರದ ರುಚಿ ಮಡೂರೊ ಎಲೆಗೆ ಚೆನ್ನಾಗಿ ಕೂರುತ್ತದೆ. ಕಷ್ಟ ಏನಪ್ಪಾ ಅಂದರೆ, ಬೆಲೆ ಜಾಸ್ತಿ, ತೆರೆದ ಬಾಟಲಿಯನ್ನು ನಾಲ್ಕೈದು ದಿನದೊಳಗೆ ಮುಗಿಸಬೇಕು. ನಾನು ಕುಡಿಯುವುದು ಒಬ್ಬನೇ, ಒಂದೇ ಗ್ಲಾಸು, ಅದೂ ವಾರಕ್ಕೊಮ್ಮೆ. ಉಳಿದದ್ದು ಸಿಂಕಿಗೆ ಹೋಗುತ್ತದೆ.

ಟಾನಿಯಲ್ಲಿ ಈ ಗೋಳಿಲ್ಲ. ಪೋರ್ಚುಗಲ್‌ನ ಡೊರೊ ಕಣಿವೆಯಲ್ಲಿ ವೈನ್ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ಹುದುಗನ್ನು ನಿಲ್ಲಿಸುತ್ತಾರೆ. ಸಕ್ಕರೆ ಉಳಿದುಕೊಳ್ಳುತ್ತದೆ, ಆಲ್ಕೋಹಾಲ್ ಶೇ. 20ರ ಆಸುಪಾಸಿಗೆ ಹೋಗುತ್ತದೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯಾಡಿ ಒಗರು ಇಳಿದಿರುತ್ತದೆ. ಮೊದಲೇ ಇಷ್ಟು ಗಾಳಿ ಕುಡಿದಿರುವುದರಿಂದ ತೆರೆದ ಮೇಲೂ ಫ್ರಿಜ್‌ನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಆ ಸಿಹಿ, ಅಕ್ರೋಟಿನಂಥ ರುಚಿ ಹೊಗೆಯ ಖಾರವನ್ನು ತಗ್ಗಿಸುತ್ತದೆ, ಬಾಯಿ ಒಣಗುವುದಿಲ್ಲ.

10 ವರ್ಷದ ಟಾನಿ ಸಾಕು. 20 ವರ್ಷದ್ದರ ನಾಜೂಕು ಇಷ್ಟು ಗಟ್ಟಿ ಹೊಗೆಯಲ್ಲಿ ನನಗಂತೂ ತಿಳಿಯಲಿಲ್ಲ. ವಿಂಟೇಜ್ ಪೋರ್ಟ್ (ಒಂದೇ ವರ್ಷದ ಬೆಳೆಯಿಂದ ಮಾಡಿ ಬಾಟಲಿಯಲ್ಲಿ ಮಾಗಿಸುವುದು) ಬೇಡ, ಎಳೆಯದಾದರೆ ಅಲ್ಲೂ ಒಗರೇ, ತೆರೆದ ಮೇಲೆ ಬೇಗ ಮುಗಿಸಬೇಕು ಬೇರೆ. ಸ್ವಲ್ಪ ತಣ್ಣಗೆ, ಚಿಕ್ಕ ಗ್ಲಾಸಿನಲ್ಲಿ ಕುಡಿಯಿರಿ. ದೊಡ್ಡ ಗ್ಲಾಸಾದರೆ ಸಿಹಿ ಜಾಸ್ತಿಯಾಗಿ ಸಾಕೆನಿಸುತ್ತದೆ. ಹೊಟ್ಟೆ ಖಾಲಿ ಇದ್ದರಂತೂ ನಿಕೋಟಿನ್, ಆಲ್ಕೋಹಾಲ್ ಎರಡೂ ಒಟ್ಟಿಗೆ ತಲೆಗೆ ಏರುತ್ತವೆ.

ನಾಲ್ಕು ಜನ ಸೇರಿ ಒಂದೇ ಸಂಜೆಗೆ ಬಾಟಲಿ ಖಾಲಿ ಮಾಡುವವರಾದರೆ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ, ಅಮರೋನೆ ತೆಗೆಯಿರಿ. ಕ್ಯಾಬರ್ನೆಯನ್ನು ಊಟಕ್ಕೇ ಮುಗಿಸಿ, ಸಿಗಾರ್ ಹಚ್ಚುವ ಮೊದಲು.